ಸಹಾಯ ಬೇಕು: ಎಂಟು ಪೋಚ್ಡ್ ಎಗ್ ಒಮ್ಮೆಗೇ ಮಾಡೋದು ಹ್ಯಾಂಗ?

ರಾಯಚೂರು, ಬಳ್ಳಾರಿ ಕಡೆಯವರು ಯಾರಾದ್ರೂ ಪೋಚ್ಡ್ ಎಗ್ (ತತ್ತಿ ಒಡೆದು, ಸಿಪ್ಪಿ ಇಲ್ಲದಂಗ ಬಿಸಿನೀರಿನಾಗ ಬಿಟ್ಟು ಬೇಯಿಸೋದು) ಮಾಡ್ತಿದ್ರ ಸ್ವಲ್ಪ ಹೇಳ್ರಿ. ಈ ಬಿಸಿಲಿಗೆ ಹೊರಗಿಟ್ಟ ತತ್ತಿಯ ಬಿಳಿ ಬೇಗ ನೀರಾಗ್ತದ. ಪಾತ್ರಿಗೆ ಬಿಟ್ಟ ಕೂಡ್ಲೇ ಎಳಿ ಎಳಿಯಾಗಿ ಹರೀತದ.

ಒಂದೆರಡು ತತ್ತಿಗೆ ತೊಂದ್ರಿ ಇಲ್ಲ. ಅಗಲ ಪಾತ್ರಿಯಾಗ 3 ಇಂಚು ನೀರು, ಲೀಟರಿಗೆ ಒಂದು ದೊಡ್ಡ ಚಮಚ ವಿನೆಗರ್, ತಳದಾಗ ಸಣ್ಣ ಗುಳ್ಳಿ ಏಳುವಷ್ಟೇ ಉರಿ. ಕೊತಕೊತ ಕುದಿಸಿದ್ರ ಬಿಳಿ ಚೂರಾಗ್ತದ. ತತ್ತಿ ಸಣ್ಣ ಜರಡಿಯಾಗ ಒಡೆದು, ತೆಳು ಬಿಳಿ ಸೋಸಿ, ಬಟ್ಟಲಿಗೆ ಹಾಕ್ಕೊಂಡು ನೀರಿನ ಹತ್ರಾನೇ ಹಿಡಿದು ಬಿಡೋದು. 3 ನಿಮಿಷಕ್ಕ ತೂತಿನ ಸೌಟಿಲೆ ತೆಗೆಯೋದು. ನೀರು ಗರಗರ ತಿರುಗಿಸಿ ಬಿಡೋದು ಒಂದೇ ತತ್ತಿಗೆ ಚಂದ, ಎರಡನೇದು ಬಿಟ್ರ ಎರಡೂ ಅಂಟ್ಕೋತಾವ.

ಎಂಟು ಬೇಕಂದ್ರ ತೊಡಕು. ತೂತಿಲ್ಲದ ಇಡ್ಲಿ ತಟ್ಟಿಗೆ ಎಣ್ಣಿ ಸವರಿ ಹಬಿಯಾಗಿಟ್ರ ಆಕಾರ ಬರ್ತದ, ಆದ್ರ ತಳ ರಬ್ಬರು, ಮ್ಯಾಲೆ ಹಸಿ. ಮುಚ್ಚಳಕ್ಕ ಬಟ್ಟಿ ಕಟ್ಟಿದ್ರ ನೀರು ತೊಟ್ಟಿಕ್ಕೋದು ನಿಲ್ತದ, ಅಷ್ಟೇ.

ಇಡ್ಲಿ ತಟ್ಟಿಯಾಗ ಎಷ್ಟು ಉರಿ, ಎಷ್ಟು ನಿಮಿಷ ಇಡ್ತೀರಿ? ಮೊದ್ಲೇ ಬೇಯಿಸಿ ಐಸ್ ನೀರಿನಾಗಿಟ್ಟು, ಊಟದ ಹೊತ್ತಿಗೆ ಬಿಸಿನೀರಿನಾಗ ಅದ್ದಿದ್ರ ಹಳದಿ ಗಟ್ಟಿ ಆಗದಂಗ ಎಷ್ಟೊತ್ತು ಬಿಡಬೇಕು? ವಿನೆಗರ್ ಬದ್ಲಿಗೆ ನಿಂಬಿರಸ ಹಾಕೋರು ಅಳತಿ ತಿಳಿಸ್ರಿ.