ಅಪ್‌ಡೇಟ್: ಪೈರಸಿ ನೋಟಿಸ್‌ಗೆ ಕಾರಣ ಸಿಕ್ಕಿತು, ವೇಗವೂ ಮರಳಿತು

ಮನೆಯಲ್ಲಿ ಯಾರೂ ಟೊರೆಂಟ್ (ಬಳಕೆದಾರರು ಫೈಲ್‌ಗಳ ತುಣುಕುಗಳನ್ನು ನೇರವಾಗಿ ಪರಸ್ಪರ ಹಂಚಿಕೊಳ್ಳುವ ವಿಧಾನ) ಬಳಸದಿದ್ದರೂ ಇಂಟರ್ನೆಟ್ ಕಂಪನಿ ಕಾಪಿರೈಟ್ ನೋಟಿಸ್ ಕಳಿಸಿ ವೇಗ ಇಳಿಸಿದೆ, ಏನು ಮಾಡಲಿ ಅಂತ ಕೇಳಿದ್ದೆ. ಈಗ ಬಗೆಹರಿದಿದೆ.

ಫಲ ಕೊಟ್ಟಿದ್ದು "ನೋಟಿಸಿನಲ್ಲಿರುವ ಪೋರ್ಟ್ ಸಂಖ್ಯೆ ಹಿಡಿದು ಹುಡುಕಿ" ಎಂಬ ಸಲಹೆ. ಪೋರ್ಟ್ ಅಂದರೆ ಆ್ಯಪ್ ತನ್ನ ಸಂಪರ್ಕಕ್ಕೆ ಬಳಸುವ, ಸಂಖ್ಯೆ ಹಾಕಿದ ಬಾಗಿಲಿದ್ದಂತೆ. ರೂಟರ್‌ನ ಯುಪಿಎನ್‌ಪಿ (ಸಾಧನಗಳು ತಾವೇ ಪೋರ್ಟ್ ತೆರೆಸಿಕೊಳ್ಳುವ ಸೌಲಭ್ಯ) ಪುಟದಲ್ಲಿ ಅದೇ ಪೋರ್ಟ್ ಮನೆಯೊಳಗಿನ ಒಂದು ಐಪಿಗೆ (ಸಾಧನದ ನೆಟ್‌ವರ್ಕ್ ವಿಳಾಸ) ತೆರೆದಿತ್ತು. ಯಾವ ಸಾಧನಕ್ಕೆ ಯಾವ ಐಪಿ ಎಂದು ತೋರಿಸುವ ರೂಟರ್‌ನ ಡಿಎಚ್‌ಸಿಪಿ ಪಟ್ಟಿ ನೋಡಿದರೆ ಅದು ಟಿವಿ ಬಾಕ್ಸ್! ಅದರಲ್ಲಿದ್ದ ಉಚಿತ ಸಿನಿಮಾ ಆ್ಯಪ್ ಒಳಗೊಳಗೇ ಟೊರೆಂಟ್ ನಡೆಸುತ್ತದೆ. ನಾವು ನೋಡುತ್ತಿರುವಾಗಲೇ ತುಣುಕುಗಳನ್ನು ಬೇರೆಯವರಿಗೆ ಅಪ್‌ಲೋಡ್ ಮಾಡುತ್ತದೆ. ಹಕ್ಕುದಾರರ ಪರ ನಿಗಾ ಇಡುವವರು ದಾಖಲಿಸುವುದು ಅಲ್ಲಿ ಕಂಡ ಐಪಿ, ಪೋರ್ಟ್, ಸಮಯವನ್ನೇ.

ವೈಫೈ ಪಾಸ್‌ವರ್ಡ್ ಬದಲಿಸಿದ್ದು ಉಪಯೋಗಕ್ಕೆ ಬರಲಿಲ್ಲ, ಹೊಸದನ್ನು ಬಾಕ್ಸಿಗೂ ಹಾಕಲೇಬೇಕಲ್ಲ. ಟೊರೆಂಟ್‌ಗೆ ಹಿಂದೆ ರೂಢಿಯಲ್ಲಿದ್ದ 6881ರಿಂದ 6889ರವರೆಗಿನ ಪೋರ್ಟ್ ಮುಚ್ಚುವುದೂ ಅಷ್ಟೇ, ಈಗಿನ ಆ್ಯಪ್‌ಗಳು ಬೇರೆ ಯಾವುದೋ ಪೋರ್ಟ್ ಆರಿಸಿಕೊಳ್ಳುತ್ತವೆ. ನಮ್ಮ ಐಪಿ ಮರೆಮಾಡುವ ವಿಪಿಎನ್ ಹಾಕಿದ್ದರೆ ಅಪ್‌ಲೋಡ್ ನಿಲ್ಲುತ್ತಿರಲಿಲ್ಲ, ಕಣ್ಣಿಗೆ ಬೀಳುತ್ತಿರಲಿಲ್ಲ ಅಷ್ಟೆ.

ಆ್ಯಪ್ ತೆಗೆದು, ಬಾಕ್ಸ್ ಫ್ಯಾಕ್ಟರಿ ರೀಸೆಟ್ ಮಾಡಿ, ಯುಪಿಎನ್‌ಪಿ ಮತ್ತು ಡಬ್ಲ್ಯೂಪಿಎಸ್ (ಬಟನ್ ಅಥವಾ ಪಿನ್‌ನಿಂದ ವೈಫೈಗೆ ಸೇರುವ ಸೌಲಭ್ಯ) ಆಫ್ ಮಾಡಿದ್ದಾಯಿತು. ರೂಟರ್ ರೀಸ್ಟಾರ್ಟ್ ಮಾಡುವ ಮುಂಚೆ ಅದರ ಲಾಗ್‌ನ (ಚಟುವಟಿಕೆಯ ದಾಖಲೆ) ಸ್ಕ್ರೀನ್‌ಶಾಟ್ ತೆಗೆದು ಉಳಿಸಿಕೊಳ್ಳಿ, ಎಷ್ಟೋ ರೂಟರ್‌ಗಳಲ್ಲಿ ಅದು ಅಳಿಸಿಹೋಗುತ್ತದೆ. ನಾನು ಅಂಥ ಸ್ಕ್ರೀನ್‌ಶಾಟ್‌ಗಳನ್ನು ನೋಟಿಸಿನ ಉತ್ತರಕ್ಕೆ ಲಗತ್ತಿಸಿದ ಮೇಲೆಯೇ ಕಂಪನಿ ನಿರ್ಬಂಧ ತೆಗೆದದ್ದು.

ನೋಟಿಸಿನ ಸಮಯ ಸಾಮಾನ್ಯವಾಗಿ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇರುತ್ತದೆ. ನಿಮ್ಮ ಸಮಯಕ್ಕೆ ಬದಲಿಸದೆ ಲಾಗ್ ನೋಡಿದರೆ ತಪ್ಪು ಸಾಧನವನ್ನೇ ದೂರುತ್ತೀರಿ. ಒಂದೇ ಐಪಿಯನ್ನು ಹಲವು ಗ್ರಾಹಕರಿಗೆ ಹಂಚುವ ಸಿಜಿನ್ಯಾಟ್ ಸಂಪರ್ಕವಾದರೆ, ಪೋರ್ಟ್ ಇಲ್ಲದ ನೋಟಿಸ್ ಯಾರದೆಂದು ಹೇಳುವುದೇ ಕಷ್ಟ. ಪೋರ್ಟ್ ಕೊಡಿ ಎಂದು ಲಿಖಿತವಾಗಿ ಕೇಳಿ.