ಕಾರ್ಕಸೋನ್ ಕೋಟೆಯ ಚಾವಣಿ: ಹಾಳಾದ ಕೋಟೆಯನ್ನು ಮತ್ತೆ ಕಟ್ಟಬೇಕಾ, ಹಾಗೇ ಬಿಡಬೇಕಾ?

ಕೋಟೆಸುತ್ತು:
ದಕ್ಷಿಣ ಫ್ರಾನ್ಸಿನ ಕಾರ್ಕಸೋನ್ ಕೋಟೆಯ ಫೋಟೊ ಎಲ್ಲರೂ ನೋಡಿರುತ್ತೀರಿ. ಎರಡು ಸುತ್ತು ಗೋಡೆ, ಒಟ್ಟು ಸುಮಾರು 3 ಕಿಲೋಮೀಟರ್, 52 ಬುರುಜು. 1997ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಆದರೆ ಬುರುಜುಗಳ ಮೇಲಿನ ಆ ಮೊನಚು ಚಾವಣಿಗಳು ಮಧ್ಯಯುಗದವಲ್ಲ. 1853ರಲ್ಲಿ ಶುರುವಾದ ದುರಸ್ತಿಯಲ್ಲಿ ವಯೊಲೆ-ಲ-ದ್ಯೂಕ್ ಅನ್ನುವ ವಾಸ್ತುಶಿಲ್ಪಿ ಕೂರಿಸಿದ್ದು. ಆ ಸೀಮೆಯ ಮನೆಗಳಿಗೆ ಇಳಿಜಾರು ಕಡಿಮೆ ಇರುವ ಕೆಂಪು ಹೆಂಚು. ಇವನು ಹಾಕಿದ್ದು ಉತ್ತರ ಫ್ರಾನ್ಸಿನ ಕಡಿದಾದ ಸ್ಲೇಟ್ (ತೆಳು ಕಪ್ಪುಕಲ್ಲಿನ ಹಲಗೆ) ಚಾವಣಿ. ಕಟ್ಟಡಕ್ಕೆ ಹಿಂದೆಂದೂ ಇಲ್ಲದಿದ್ದ ಪೂರ್ಣ ರೂಪವನ್ನೂ ದುರಸ್ತಿಯಲ್ಲಿ ಕೊಡಬಹುದು ಅಂತ ಅವನೇ ಬರೆದಿದ್ದಾನೆ. ನನ್ನ ಪ್ರಕಾರ ಇದು ತಪ್ಪು. ಬಿದ್ದದ್ದನ್ನು ಬಿದ್ದ ಹಾಗೇ ಬಿಡಬೇಕಿತ್ತು.

ಹಳೇ ಮೇಷ್ಟ್ರು:
ಬಿಟ್ಟಿದ್ದರೆ ಇವತ್ತು ಅಲ್ಲಿ ನೋಡೋಕೆ ಏನೂ ಇರುತ್ತಿರಲಿಲ್ಲ ಸಾರ್. ಫ್ರಾನ್ಸ್, ಸ್ಪೇನ್ ಮಾಡಿಕೊಂಡ 1659ರ ಪಿರನೀಸ್ ಒಪ್ಪಂದದಿಂದ ಸ್ಪೇನ್ ಗಡಿ ದಕ್ಷಿಣಕ್ಕೆ ಸರಿಯಿತು, ಕೋಟೆಗೆ ಕೆಲಸವೇ ಇಲ್ಲದಾಯಿತು. ವ್ಯಾಪಾರವೆಲ್ಲ ಓಡ್ ನದಿಯಾಚೆ ಕೆಳಗಿನ ಪೇಟೆಗೆ ಹೋಯಿತು. ಜನ ಕಲ್ಲು ಕಿತ್ತುಕೊಂಡು ಹೋಗುತ್ತಿದ್ದರು. 19ನೇ ಶತಮಾನದ ಮಧ್ಯದಲ್ಲಿ ಸರ್ಕಾರವೇ ಕೆಡವೋಕೆ ಹೊರಟಿತ್ತು. ಅದನ್ನು ತಡೆದವರು ಅದೇ ಊರಿನ ಇತಿಹಾಸಕಾರ ಕ್ರೋ-ಮೈರವಿಯೇಯ್ ಮತ್ತು ಸ್ಮಾರಕಗಳ ಇನ್‌ಸ್ಪೆಕ್ಟರ್ ಆಗಿದ್ದ ಪ್ರೊಸ್ಪೆರ್ ಮೆರಿಮೆ. ಇನ್ನು ಸ್ಲೇಟ್ ವಿಷಯ. ಹೊರಗಿನ ಗೋಡೆ ಕಟ್ಟಿಸಿದ್ದು 13ನೇ ಶತಮಾನದಲ್ಲಿ ಫ್ರಾನ್ಸಿನ ರಾಜನ ಕಡೆಯವರು, ಅಂದರೆ ಉತ್ತರದವರು. ಅವರು ತಮ್ಮ ಕಡೆಯ ಚಾವಣಿ ಹಾಕಿರಲಾರರು ಅಂತ ಹೇಗೆ ಹೇಳುತ್ತೀರಿ?

ಕೋಟೆಸುತ್ತು:
ಹೊರಗಿನ ಗೋಡೆಗೆ ಆ ಮಾತು ಹೇಳಬಹುದು. ಒಳಗಿನ ಗೋಡೆಯಲ್ಲಿ ರೋಮನ್ನರ ಕೊನೆಗಾಲದ ಬುರುಜುಗಳಿವೆ. ಹತ್ತಿರ ಹೋಗಿ ನೋಡಿ, ಸಣ್ಣ ಸಣ್ಣ ಕಲ್ಲಿನ ವರಸೆ, ನಡುನಡುವೆ ಕೆಂಪು ಇಟ್ಟಿಗೆಯ ಪಟ್ಟಿ. ಅದರ ಮೇಲೂ ಸ್ಲೇಟ್ ಕೂರಿಸಿದರಲ್ಲ! 20ನೇ ಶತಮಾನದಲ್ಲಿ ಕೆಲವು ಬುರುಜುಗಳ ಸ್ಲೇಟ್ ತೆಗೆದು ಹೆಂಚು ಹಾಕಬೇಕಾಯಿತು.

ಗಾರೆಕೆಲಸ:
ನಾನು ಸಿವಿಲ್ ಇಂಜಿನಿಯರ್, ಗೋಡೆಯ ಕಡೆಯಿಂದ ಒಂದು ಮಾತು. ಇಂಥ ಕೋಟೆಗೋಡೆ ಇಡೀ ಕಲ್ಲಲ್ಲ. ಎರಡೂ ಮುಖಕ್ಕೆ ಒಳ್ಳೆ ಕಲ್ಲು, ನಡುವೆ ಚೂರುಕಲ್ಲು, ಸುಣ್ಣದ ಗಾರೆ. ತಲೆ ಮುಚ್ಚಿರುವವರೆಗೆ ಗಟ್ಟಿ. ಚಾವಣಿ, ಗೋಡೆಯ ತುದಿಯ ಹಲ್ಲುಹಲ್ಲಿನ ತೆನೆ ಹೋದವೋ, ಮಳೆನೀರು ನೇರ ನಡುವಿಗೆ ಇಳಿಯುತ್ತೆ, ಸುಣ್ಣ ಕರಗುತ್ತೆ, ಹಿಮ ಬೀಳುವ ದೇಶವಾದರೆ ಒಳಗಿನ ನೀರು ಗಡ್ಡೆ ಕಟ್ಟಿ ಉಬ್ಬಿ ಹೊರಗಿನ ಕಲ್ಲನ್ನು ತಳ್ಳುತ್ತೆ. ಗೋಡೆಗೆ ಹೊಟ್ಟೆ ಬರುತ್ತೆ. ಆಮೇಲೆ ಒಂದು ದಿನ ಕುಸಿಯುತ್ತೆ. ಹಾಗಾಗಿ "ಸುಮ್ನೆ ಬಿಡೋದು" ಅನ್ನುವುದು ನಿಧಾನವಾಗಿ ಕೆಡವುವ ದಾರಿ. ಸಿಮೆಂಟ್ ಮೆತ್ತಿದರೆ ಇನ್ನೂ ಕೆಟ್ಟದು, ನೀರು ಒಳಗೇ ಸಿಕ್ಕಿಕೊಳ್ಳುತ್ತೆ.

ನೆಕ್ಕರ್ ದಂಡೆ:
ಬಿಡುವುದಕ್ಕೂ ಮತ್ತೆ ಕಟ್ಟುವುದಕ್ಕೂ ನಡುವೆ ಇನ್ನೊಂದು ದಾರಿ ಇದೆ. ನಾನಿರುವ ಜರ್ಮನಿಯ ಹೈಡೆಲ್‌ಬರ್ಗ್‌ನ ಕೋಟೆಯನ್ನೇ ನೋಡಿ. 1689ರಲ್ಲಿ, ಮತ್ತೆ 1693ರಲ್ಲಿ ಫ್ರೆಂಚ್ ಸೈನ್ಯ ಹಾಳು ಮಾಡಿತು. ಒಂದಿಷ್ಟು ರಿಪೇರಿ ಆಗಿತ್ತು, ಅಷ್ಟರಲ್ಲಿ 1764ರಲ್ಲಿ ಸಿಡಿಲು ಬಡಿದು ಸುಟ್ಟಿತು. ಸಿಡಿಮದ್ದಿಗೆ ಸೀಳಿದ ಬುರುಜು ಈಗಲೂ ಹಾಗೇ ಇದೆ. ಗೋಡೆ ಆರು ಮೀಟರ್‌ಗೂ ದಪ್ಪ. ಅರ್ಧ ಬುರುಜು ಚೂರಾಗದೆ ಇಡಿಯಾಗಿ ಕಂದಕಕ್ಕೆ ಜಾರಿ ಒರಗಿ ನಿಂತಿದೆ. ಅದರ ಮುಂದೆ ನಿಂತರೆ ಯುದ್ಧ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. 1900ರ ಆಸುಪಾಸಿನಲ್ಲಿ ಪೂರ್ತಿ ಕಟ್ಟಬೇಕು ಅಂತ ದೊಡ್ಡ ಜಗಳವೇ ಆಯಿತು. ಕಲಾ ಇತಿಹಾಸಕಾರ ಗೇಯೊರ್ಗ್ ಡೇಹಿಯೊ ಬಲವಾಗಿ ವಿರೋಧಿಸಿದರು: ಇರುವುದನ್ನು ಕಾಪಾಡಿ, ಹೊಸದಾಗಿ ಮಾಡಬೇಡಿ. ಕೊನೆಗೆ ಫ್ರೀಡ್ರಿಶ್ ಅರಮನೆ ಒಂದನ್ನು ಸರಿ ಮಾಡಿ, ಉಳಿದದ್ದನ್ನು ಬೀಳದ ಹಾಗೆ ಭದ್ರ ಮಾಡಿ ನಿಲ್ಲಿಸಿದರು.

ಹಳೇ ಮೇಷ್ಟ್ರು:
ಹೈಡೆಲ್‌ಬರ್ಗ್‌ಗೆ ಅದು ಸರಿ. ಪೋಲೆಂಡಿನ ಮಾಲ್‌ಬೋರ್ಕ್‌ಗೆ ಆ ಮಾತು ಹೇಳೋಕಾಗುತ್ತಾ? ಟ್ಯೂಟಾನಿಕ್ ಪಡೆಯವರ, ಅಂದರೆ ಮಧ್ಯಯುಗದ ಜರ್ಮನ್ ಧರ್ಮಯೋಧರ ಇಟ್ಟಿಗೆ ಕೋಟೆ. 1945ರಲ್ಲಿ ಎರಡನೇ ಮಹಾಯುದ್ಧದಲ್ಲಿ ಅರ್ಧಕ್ಕಿಂತ ಜಾಸ್ತಿ ನಾಶವಾಯಿತು. ಪೋಲೆಂಡಿನವರು ಹಳೆಯ ದಾಖಲೆ ಇಟ್ಟುಕೊಂಡು ದಶಕಗಟ್ಟಲೆ ಕಟ್ಟಿದರು. ಒಳಗಿನ ಚರ್ಚಿನ ಕೆಲಸ ಮುಗಿದಿದ್ದೇ 2016ರಲ್ಲಿ. ಅವರ ಪಾಲಿಗೆ ಅದು ತಮ್ಮನ್ನು ಕಾಡಿದವರ ಕೋಟೆ. ಆದರೂ ಕಟ್ಟಿದರಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತೆ.

ಓದುಗಿ:
ಎಲ್ಲರೂ ಕಲ್ಲು, ಚಾವಣಿ ಅಂತೀರಲ್ಲ, ಅಲ್ಲಿದ್ದ ಜನರ ಮಾತು ಯಾರೂ ಎತ್ತಲಿಲ್ಲ. ಕಾರ್ಕಸೋನ್‌ನ ಎರಡು ಗೋಡೆಗಳ ನಡುವಿನ ಜಾಗದಲ್ಲಿ ಬಡವರು, ನೇಕಾರರು ಮನೆ ಕಟ್ಟಿಕೊಂಡಿದ್ದರು. ಕೋಟೆ ಚೆನ್ನಾಗಿ ಕಾಣಲಿ ಅಂತ ಆ ಮನೆಗಳನ್ನು ಕೆಡವಿಸಿದರು. ಈಗ ಅಲ್ಲಿ ಪ್ರವಾಸಿಗರು ಓಡಾಡುವ ಹುಲ್ಲುಹಾಸು. 13ನೇ ಶತಮಾನ ಮಾತ್ರ ಇತಿಹಾಸ, 18ನೇ ಶತಮಾನದ ನೇಕಾರನ ಮನೆ ಕಸ ಅಂತ ಯಾರು ತೀರ್ಮಾನ ಮಾಡಿದ್ದು? ನನಗೆ ಸ್ಲೇಟಿಗಿಂತ ಇದೇ ಜಾಸ್ತಿ ನೋವು ಕೊಡುತ್ತೆ.

ಕೋಟೆಸುತ್ತು:
ಅಕ್ಕಾ, ಇದನ್ನೇ ನಾನು ಬೇರೆ ದಾರಿಯಿಂದ ಹೇಳುತ್ತಿದ್ದೆ. ಯಾವುದೋ ಒಂದು ಕಾಲವನ್ನು ಆರಿಸಿಕೊಂಡರೆ ಉಳಿದ ಕಾಲವೆಲ್ಲ ಅಳಿಸಿಹೋಗುತ್ತೆ. ಸ್ಮಾರಕಗಳ ದುರಸ್ತಿ ಹೇಗಿರಬೇಕು ಅಂತ ಹೇಳುವ ಅಂತರರಾಷ್ಟ್ರೀಯ ದಾಖಲೆ, 1964ರ ವೆನಿಸ್ ಸನ್ನದು ಬಂದದ್ದೇ ಇದಕ್ಕೆ. ಎಲ್ಲ ಕಾಲದ ಕೆಲಸಕ್ಕೂ ಬೆಲೆ ಕೊಡಿ, ಹೊಸದಾಗಿ ಸೇರಿಸಿದ್ದು ಹಳೆಯದರಿಂದ ಬೇರೆಯಾಗಿ ಗೊತ್ತಾಗಬೇಕು ಅನ್ನುತ್ತೆ ಅದು.

ಗಾರೆಕೆಲಸ:
ಅದು ಕಷ್ಟವೇನಲ್ಲ. ಹಳೆ ಗೋಡೆ ಎಲ್ಲಿಗೆ ಮುಗಿಯಿತೋ ಅಲ್ಲಿ ಒಂದು ತೆಳು ವರಸೆ ಬೇರೆ ಬಣ್ಣದ ಕಲ್ಲು ಇಟ್ಟರೆ ಸಾಕು, ಮೇಲಿನದು ಹೊಸದು ಅಂತ ಮಕ್ಕಳಿಗೂ ಗೊತ್ತಾಗುತ್ತೆ. ತಲೆಗೆ ಚಾವಣಿ ಬೇಡ ಅಂದರೆ ಇಂಗ್ಲೆಂಡಿನಲ್ಲಿ ಕೆಲವು ಕಡೆ ಮಾಡಿದ ಹಾಗೆ ಗೋಡೆಯ ಮೇಲೆ ಮಣ್ಣು, ಹುಲ್ಲು ಕೂರಿಸಬಹುದು. ನೀರನ್ನು ಹೀರಿಕೊಳ್ಳುತ್ತೆ, ಚಳಿಯನ್ನೂ ತಡೆಯುತ್ತೆ.

ಓದುಗಿ:
ಹಾಗಾದರೆ ನೇಕಾರರ ಮನೆಗಳಿದ್ದ ಕಡೆ ನೆಲದ ಮೇಲೂ ಅಂಥದ್ದೇ ಕಲ್ಲಿನ ಗೆರೆ ಹಾಕಲಿ. ಯಾವ ಮನೆ ಎಲ್ಲಿತ್ತು ಅಂತಾದರೂ ನಡೆದು ಹೋಗುವವರಿಗೆ ತಿಳಿಯಲಿ.