ಸಹಾಯ ಬೇಕು: ಶ್ವಾಸಕೋಶ, ಗುಲ್ಮದ (ಸ್ಪ್ಲೀನ್) ಮೈಕ್ರೋಸ್ಕೋಪ್ ಸ್ಲೈಡ್ ಯಾರ ಹತ್ರ ಇದೆ?

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ಕಡೆ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಮ್ಯಾಕ್ರೊಫೇಜ್ ಅನ್ನೋ ರಕ್ಷಣಾ ಜೀವಕೋಶ ತಾನಿರುವ ಜಾಗಕ್ಕೆ ತಕ್ಕಂತೆ ಕೆಲಸ ಕಲಿಯುತ್ತದೆ. ಅದನ್ನು ಮಕ್ಕಳಿಗೆ ಕಣ್ಣಾರೆ ತೋರಿಸಬೇಕು ಅಂತ ತುಂಬಾ ಆಸೆ.

ಗುಲ್ಮದಲ್ಲಿ ಅದು ಹಳೆಯ ಕೆಂಪು ರಕ್ತಕಣ ತಿಂದು, ಕಬ್ಬಿಣ ಉಳಿಸಿಕೊಡುತ್ತದೆ. ಶ್ವಾಸಕೋಶದಲ್ಲಿ ಧೂಳಿನ ಜೊತೆಗೆ ಸರ್ಫ್ಯಾಕ್ಟಂಟ್ ಎಂಬ ಜಿಡ್ಡನ್ನೂ ತೆಗೆಯುತ್ತದೆ. ಅದಕ್ಕೆ ಅಲ್ಲಿನ ಅಂಗಾಂಶವೇ ಜಿಎಂ-ಸಿಎಸ್‌ಎಫ್ ಎಂಬ ಪ್ರೋಟೀನ್ ಕೊಟ್ಟು ತಯಾರು ಮಾಡುತ್ತದೆ. ಆ ಸಂಕೇತ ತಪ್ಪಿದರೆ ಜಿಡ್ಡು ತುಂಬಿ ಉಸಿರಾಟವೇ ಕಷ್ಟ. ಎಷ್ಟು ದೊಡ್ಡ ವಿಷಯ ಅಲ್ವಾ?

ಚಿಕ್ಕಮಗಳೂರು, ಹಾಸನದಲ್ಲಿ ಯಾರ ಹತ್ರವಾದರೂ ಇವೆರಡರ ಬಣ್ಣ ಹಾಕಿದ ಸ್ಲೈಡ್ ಇದ್ದರೆ ಒಂದು ವಾರ ಕೊಡುತ್ತೀರಾ? ನಾನೇ ಬಂದು ಒಯ್ಯುತ್ತೇನೆ, ಜೋಪಾನವಾಗಿ ವಾಪಸ್ ತರುತ್ತೇನೆ. ಪ್ಯಾಥಾಲಜಿ ಓದುತ್ತಿರುವವರು ಬಂದು ಅರ್ಧ ಗಂಟೆ ಮಾತಾಡಿದರೆ ಇನ್ನೂ ಖುಷಿ.